ಟಿಕ್ ಅಂತದೆ, ಎಂಜಿನ್ ಮಾತ್ರ ಕೆಳಗೆ ಬರುದಿಲ್ಲ: ದೋಣಿ ಎಂಜಿನ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ರಿಲೇ, ಅಂದ್ರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್, ಅದರ ಬಗ್ಗೆಯೇ ಉಂಟು, ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಪೂರ್ತಿ ಬರೀತೇನೆ. ನಾಡದೋಣಿಗೆ ಹಾಕುವ ಹತ್ತು ಎಚ್‌ಪಿ ಒಳಗಿನ ಸೀಮೆಎಣ್ಣೆ ಎಂಜಿನ್ ಇರುವವರಿಗೆ ಇದರ ಕೆಲಸ ಇಲ್ಲ, ಅದು ಹಗ್ಗ ಎಳೆದು ಸ್ಟಾರ್ಟ್ ಮಾಡುದು, ಎತ್ತುದೂ ಕೈಯಲ್ಲೇ. ಕೀ ತಿರುಗಿಸಿ ಸ್ಟಾರ್ಟ್ ಮಾಡುವ, ಬಟನ್ ಒತ್ತಿ ಎತ್ತಿ ಇಳಿಸುವ (ಇದಕ್ಕೆ ಟಿಲ್ಟ್ ಅಂತಾರೆ) ದೊಡ್ಡ ಔಟ್‌ಬೋರ್ಡ್, ಅಂದ್ರೆ ದೋಣಿಯ ಹಿಂದೆ ಹೊರಗೆ ಕಚ್ಚಿಸುವ ಎಂಜಿನ್, ಇಟ್ಟವರು ಓದಿ.

ಪ್ರಶ್ನೆ: ಅಣ್ಣ, ನಮ್ಮದು ಕೋಡಿ ಬೆಂಗ್ರೆಯಲ್ಲಿ ಟೂರಿಸ್ಟ್ ಬೋಟು, 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್. ಜೂನ್ ಜುಲೈ ಎರಡು ತಿಂಗಳು ಶೆಡ್ಡಲ್ಲಿ ಇಟ್ಟಿದ್ದೆವು, ಆಗಸ್ಟಲ್ಲಿ ನೀರಿಗೆ ಹಾಕಿದಾಗಿನಿಂದ ಎಂಜಿನ್ ಟಿಲ್ಟ್ ಮೇಲೆ ಹೋಗ್ತದೆ, ಕೆಳಗೆ ಬರುದಿಲ್ಲ. ಡೌನ್ ಬಟನ್ ಒತ್ತಿದ್ರೆ ಕವರ್ ಒಳಗೆ ಟಿಕ್ ಅಂತ ಕೇಳ್ತದೆ ಅಷ್ಟೇ, ಮೋಟಾರ್ ಶಬ್ದ ಇಲ್ಲ. ಮೆಕ್ಯಾನಿಕ್ ಬಂದು ಡೌನ್ ರಿಲೇ ಹೊಸದು ಹಾಕಿದ್ರು, ಆದ್ರೂ ಹಾಗೇ. ಈಗ ಟಿಲ್ಟ್ ಮೋಟಾರೇ ಹೋಗಿದೆ, ಅದನ್ನೂ ಬದಲಿಸ್ಬೇಕು ಅಂತ ಹೇಳ್ತಾರೆ. ಅದರ ರೇಟ್ ಕೇಳಿ ತಲೆ ಬಿಸಿ ಆಗಿದೆ. ಏನು ಮಾಡುದು?

ಉತ್ತರ: ಮೊದಲು ಒಂದು ಮಾತು, ಮೋಟಾರ್‌ಗೆ ಈಗಲೇ ದುಡ್ಡು ಕೊಡ್ಬೇಡಿ. ನೂರು ಕಿಲೋಗಿಂತ ಜಾಸ್ತಿ ತೂಕದ ಎಂಜಿನನ್ನು ಮೇಲೆ ಎತ್ತುವ ಮೋಟಾರ್ ಅದು, ಅದೇ ಮೋಟಾರ್ ಉಲ್ಟಾ ತಿರುಗಿದ್ರೆ ಎಂಜಿನ್ ಕೆಳಗೆ ಬರ್ತದೆ, ಇಳಿಸ್ಲಿಕ್ಕೆ ಅಂತ ಬೇರೆ ಮೋಟಾರ್ ಇಲ್ಲ. ಎರಡೇ ದಪ್ಪ ವಯರ್ ಇರುವ ಮೋಟಾರ್ ಆದ್ರೆ, ಈಗಿನ ಎಂಜಿನ್‌ಗಳಲ್ಲಿ ಹೆಚ್ಚಾಗಿ ಅದೇ ಇರುದು, ಮೇಲೆ ಎತ್ತುವಷ್ಟು ಶಕ್ತಿ ಇದ್ದ ಮೇಲೆ ಕೆಳಗೆ ಇಳಿಸ್ಲಿಕ್ಕೆ ಮೋಟಾರ್ ಹಾಳು ಅಂತ ಹೇಳುದು ಸರಿ ಹೋಗುದಿಲ್ಲ. ಹೈಡ್ರಾಲಿಕ್ ವಾಲ್ವ್ ತೊಂದರೆ ಆಗಿದ್ರೆ ಡೌನ್ ಒತ್ತಿದಾಗ ಮೋಟಾರ್ ತಿರುಗುವ ಗುಂಯ್ ಶಬ್ದ ಬಂದು ಎಂಜಿನ್ ಮಾತ್ರ ಅಲ್ಲಾಡದೆ ನಿಲ್ಲಬೇಕಿತ್ತು. ನೀವು ಶಬ್ದವೇ ಇಲ್ಲ ಅಂತ ಬರ್ದಿದ್ದೀರಿ, ಹಾಗಾದ್ರೆ ಮೋಟಾರಿಗೆ ಕರೆಂಟೇ ತಲುಪ್ತಾ ಇಲ್ಲ.

ಇನ್ನು ಆ ಟಿಕ್ ಶಬ್ದ. ಅದನ್ನು ಕೇಳಿ ರಿಲೇ ಕೆಲಸ ಮಾಡ್ತಾ ಉಂಟು ಅಂತ ತುಂಬ ಜನ ತಿಳ್ಕೊಳ್ತಾರೆ, ಮೆಕ್ಯಾನಿಕ್‌ಗಳೂ ಅದರಲ್ಲಿ ಸೇರಿದ್ದಾರೆ. ರಿಲೇ ಅಂದ್ರೆ ಒಂದು ಡಬ್ಬಿಯಲ್ಲಿ ಎರಡು ಬೇರೆ ಬೇರೆ ಸಾಮಾನು. ಒಂದು ತಂತಿ ಸುತ್ತಿದ ಕಾಯಿಲ್, ಬಟನ್ನಿನಿಂದ ಬರುವ ಚಿಕ್ಕ ಕರೆಂಟಿಗೆ ಅದು ಮ್ಯಾಗ್ನೆಟ್ ಆಗ್ತದೆ. ಇನ್ನೊಂದು ಆ ಮ್ಯಾಗ್ನೆಟ್ ಎಳೆದಾಗ ಹೋಗಿ ಕೂತುಕೊಳ್ಳುವ ಪಾಯಿಂಟ್, ಬ್ಯಾಟರಿಯ ದೊಡ್ಡ ಕರೆಂಟ್ ಹೋಗುದು ಅದರ ಮೂಲಕ. ಟಿಕ್ ಅಂದ್ರೆ ಒಳಗಿನ ಲೋಹದ ಪಟ್ಟಿ ಜಾಗ ಬದಲಿಸಿತು ಅಂತ ಮಾತ್ರ, ಹೋಗಿ ಕೂತ ಜಾಗದಲ್ಲಿ ಕಿಲುಬು ಉಂಟಾ, ಸುಟ್ಟು ಕಪ್ಪಾಗಿದೆಯಾ, ಅದು ಆ ಶಬ್ದದಲ್ಲಿ ಗೊತ್ತಾಗುದಿಲ್ಲ. ಟಿಕ್ ಬಂತು ಅಂದ್ರೆ ನಿಮ್ಮ ಬಟನ್, ಫ್ಯೂಸ್, ಬಟನ್ನಿನ ವಯರ್, ಕಾಯಿಲ್ ಇಷ್ಟು ಸರಿ ಉಂಟು, ಅದೂ ಒಂದು ಲಾಭ, ಹುಡುಕುವ ಜಾಗ ಅರ್ಧ ಕಮ್ಮಿ ಆಯ್ತು.

ಈಗ ನಿಮ್ಮ ಹೊಸ ಡೌನ್ ರಿಲೇ ಯಾಕೆ ಕೆಲಸಕ್ಕೆ ಬರ್ಲಿಲ್ಲ ಅಂತ ನೋಡುವ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಟಿಲ್ಟ್ ಮೋಟಾರಿನ ಎರಡು ದಪ್ಪ ವಯರ್ ಎರಡು ರಿಲೇಗೆ ಹೋಗ್ತದೆ, ಒಂದು ಅಪ್ ರಿಲೇಗೆ, ಇನ್ನೊಂದು ಡೌನ್ ರಿಲೇಗೆ. ಯಾವ ಬಟನ್ನೂ ಒತ್ತದೆ ಇರುವಾಗ ಎರಡು ರಿಲೇಯೂ ತನ್ನ ವಯರನ್ನು ಅರ್ಥಿಗೆ, ಅಂದ್ರೆ ಬ್ಯಾಟರಿ ಮೈನಸ್‌ಗೆ ಸೇರಿಸಿ ಇಟ್ಟಿರ್ತದೆ. ಅಪ್ ಒತ್ತಿದ್ರೆ ಅಪ್ ರಿಲೇ ಮಾತ್ರ ಎದ್ದು ತನ್ನ ವಯರನ್ನು ಪ್ಲಸ್‌ಗೆ ಸೇರಿಸ್ತದೆ, ಕರೆಂಟ್ ಮೋಟಾರ್ ಹಾದು ಆಚೆ ಕಡೆ ಮಲಗಿಯೇ ಇರುವ ಡೌನ್ ರಿಲೇ ಮೂಲಕ ಮೈನಸ್‌ಗೆ ಹೋಗ್ತದೆ. ಡೌನ್ ಒತ್ತಿದ್ರೆ ಇದರ ಉಲ್ಟಾ, ಡೌನ್ ರಿಲೇ ಪ್ಲಸ್ ಕೊಡ್ತದೆ, ವಾಪಸ್ ದಾರಿ ಅಪ್ ರಿಲೇಯ ಮಲಗಿದ ಪಾಯಿಂಟ್. ಹಾಗಾಗಿ ಎಂಜಿನ್ ಕೆಳಗೆ ಬರ್ಲಿಕ್ಕೆ ಡೌನ್ ರಿಲೇ ಒಂದೇ ಸಾಲದು, ಅಪ್ ರಿಲೇಯೂ ಸುಮ್ಮನೆ ಕೂತಲ್ಲೇ ತನ್ನ ಪಾಲಿನ ಕೆಲಸ ಮಾಡ್ಬೇಕು. ನಿಮ್ಮಲ್ಲಿ ಹಾಳಾದದ್ದು ಅಪ್ ರಿಲೇಯ ಆ ಮಲಗಿದ ಪಾಯಿಂಟ್ ಅಂತ ನನಗೆ ಬಲವಾಗಿ ಅನಿಸ್ತದೆ. ಅಪ್ ಕೆಲಸ ಮಾಡ್ತಾ ಉಂಟಲ್ಲ, ಆ ರಿಲೇ ಚೆನ್ನಾಗಿದೆ ಅಂತ ಯಾರೂ ಅದನ್ನು ಮುಟ್ಟುದಿಲ್ಲ, ತಪ್ಪುದು ಅಲ್ಲೇ.

ಎರಡು ತಿಂಗಳು ನಿಂತ ಎಂಜಿನಲ್ಲಿ ಆ ಪಾಯಿಂಟ್‌ಗೇ ಯಾಕೆ ಹೊಡೆತ ಅಂದ್ರೆ, ಎದ್ದಾಗ ಸೇರುವ ಪಾಯಿಂಟನ್ನು ಮ್ಯಾಗ್ನೆಟ್ ಗಟ್ಟಿಯಾಗಿ ಎಳೆದು ಹಿಡಿತದೆ, ಮಲಗಿದಾಗ ಸೇರುವ ಪಾಯಿಂಟಿಗೆ ಚಿಕ್ಕ ಸ್ಪ್ರಿಂಗಿನ ಒತ್ತಡ ಮಾತ್ರ. ನಮ್ಮ ಕರಾವಳಿಯ ಮಳೆಗಾಲದ ಉಪ್ಪು ಗಾಳಿ, ಶೆಡ್ಡಿನ ತೇವ ಒಳಗೆ ಹೋಗಿ ಅಲ್ಲೊಂದು ತೆಳು ಪದರ ಕಟ್ಟಿದ್ರೆ ಆ ಸ್ಪ್ರಿಂಗಿಗೆ ಅದನ್ನು ಒತ್ತಿ ಒಡೆಯುವ ಬಲ ಇರುದಿಲ್ಲ. ಅದರ ಮೇಲೆ ಕೆಲವರು ಎಂಜಿನ್ ಪೂರ್ತಿ ಮೇಲೆ ಹೋಗಿ ತಾಗಿದ ಮೇಲೂ ಬಟನ್ ಬಿಡುದಿಲ್ಲ, ಆಗ ಕರೆಂಟ್ ಸಿಕ್ಕಾಪಟ್ಟೆ ಏರ್ತದೆ, ಬಟನ್ ಬಿಟ್ಟ ಹೊತ್ತಿಗೆ ಒಳಗೆ ಕಿಡಿ ಹಾರಿ ಪಾಯಿಂಟ್ ಸುಡ್ತದೆ. ಮೇಲೆ ತಾಗಿದ ಶಬ್ದ ಕೇಳಿದ ಕೂಡ್ಲೆ ಬೆರಳು ತೆಗೀರಿ, ಬೋಟ್ ಓಡಿಸುವ ಹುಡುಗರಿಗೂ ಹೇಳಿ.

ಪರೀಕ್ಷೆ ಮಾಡುದು ಹೇಗೆ ಅಂತ ಹೇಳ್ತೇನೆ. ಎಂಜಿನ್ ಎತ್ತಿ ಇರುವಾಗ ಅದರ ಅಡಿಗೆ ಮರದ ಗಟ್ಟಿ ತುಂಡು ಕೊಡಿ, ಟಿಲ್ಟ್ ಲಾಕ್ ಲಿವರ್ ಮಾತ್ರ ನಂಬಬೇಡಿ, ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ಕೆಂಪು ಬಳ್ಳಿ ತೆಗೆದಿಡಿ, ಎಂಜಿನ್ ಕೆಳಗೆ ಯಾರೂ ಕೈ ತಲೆ ಹಾಕಬಾರದು. ಮೇಲಿನ ಕವರ್ ತೆಗೆದು ಒಬ್ಬರು ಡೌನ್ ಒತ್ತಲಿ, ನೀವು ರಿಲೇ ಮೇಲೆ ಬೆರಳು ಇಟ್ಟು ನೋಡಿ, ಯಾವುದು ಎದ್ದದ್ದು ಅಂತ ಬೆರಳಿಗೆ ಗೊತ್ತಾಗ್ತದೆ. ಎರಡು ರಿಲೇ ಬೇರೆ ಬೇರೆ ಇದ್ದು, ನೋಡ್ಲಿಕ್ಕೆ ಒಂದೇ ತರ ಇದ್ದು, ಮೇಲಿನ ನಂಬರ್ ಕೂಡ ಒಂದೇ ಇದ್ರೆ ವೋಲ್ಟ್ ಅಳೆಯುವ ಮೀಟರೂ ಬೇಡ, ಬ್ಯಾಟರಿ ಮೈನಸ್ ಬಿಚ್ಚಿ ಎರಡನ್ನೂ ಅದಲು ಬದಲು ಮಾಡಿ ಮತ್ತೆ ಸೇರಿಸಿ. ಈಗ ಕೆಳಗೆ ಬಂದು ಮೇಲೆ ಹೋಗದೆ ಇದ್ರೆ ಆಯ್ತು, ರೋಗ ರಿಲೇ ಜೊತೆಗೇ ಜಾಗ ಬದಲಿಸಿತು, ಮೊದಲು ಅಪ್ ಜಾಗದಲ್ಲಿ ಇದ್ದ ಹಳೆ ರಿಲೇಯೇ ಕಳ್ಳ. ಅದಲು ಬದಲು ಮಾಡಿದ್ರೂ ಡೌನೇ ಆಗುದಿಲ್ಲ ಅಂದ್ರೆ ರಿಲೇ ಎರಡೂ ಬಿಡಿ, ಸಾಕೆಟ್ ಅಥವಾ ವಯರ್ ಕಡೆ ಹೋಗಿ.

ಎರಡೂ ಒಂದೇ ಡಬ್ಬಿಯಲ್ಲಿ ಸೀಲ್ ಮಾಡಿದ ಎಂಜಿನ್ ಆದ್ರೆ ಮೀಟರ್ ಬೇಕು. ಡಿಸಿ 20 ವೋಲ್ಟ್‌ಗೆ ಇಟ್ಟು ಮೊದಲು ಬ್ಯಾಟರಿ ನೋಡಿ, ಪೂರ್ತಿ ಚಾರ್ಜ್ ಆದದ್ದು 12.6 ತೋರಿಸ್ತದೆ, 12.2 ಅಂದ್ರೆ ಅರ್ಧ ಖಾಲಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ನಲ್ಲೇ ಇಡಿ, ಅಲ್ಲಿಂದ ತೆಗಿಬೇಡಿ. ಕೆಂಪು ಕಡ್ಡಿಯನ್ನು ಮೋಟಾರಿನ ಡೌನ್ ವಯರಿಗೆ ಮುಟ್ಟಿಸಿ ಡೌನ್ ಒತ್ತಿಸಿ, 12ರ ಹತ್ತಿರ ಬಂದ್ರೆ ಡೌನ್ ರಿಲೇ ತನ್ನ ಕೆಲಸ ಮಾಡಿದೆ. ಈಗ ಕೆಂಪು ಕಡ್ಡಿಯನ್ನು ಮೋಟಾರಿನ ಇನ್ನೊಂದು ವಯರಿಗೆ, ಅಂದ್ರೆ ಅಪ್ ವಯರಿಗೆ ಇಟ್ಟು ಮತ್ತೆ ಡೌನ್ ಒತ್ತಿಸಿ. ಅಲ್ಲಿ ಅರ್ಧ ವೋಲ್ಟೂ ಇರಬಾರದು. ಅಲ್ಲೂ 11, 12 ತೋರಿಸಿದ್ರೆ ಕರೆಂಟ್ ಮೋಟಾರ್ ಒಳಗಿಂದ ಹಾದು ಈಚೆ ಬಂದು ನಿಂತಿದೆ, ಮುಂದೆ ಹೋಗ್ಲಿಕ್ಕೆ ದಾರಿ ಇಲ್ಲ, ಅಪ್ ರಿಲೇಯ ಅರ್ಥ್ ಪಾಯಿಂಟ್ ಸತ್ತಿದೆ ಅಂತ ಅರ್ಥ. ರಿಲೇಗೆ ಬರುವ ಕಪ್ಪು ಅರ್ಥ್ ವಯರಿನ ಕ್ರಿಂಪ್ (ತುದಿಗೆ ಒತ್ತಿ ಕೂರಿಸಿದ ಲೋಹ) ಕೂಡ ಒಮ್ಮೆ ಎಳೆದು ನೋಡಿ, ಮೇಲೆ ಚೆನ್ನಾಗಿ ಕಂಡು ಒಳಗೆ ಹಸಿರು ಪುಡಿ ಆಗಿರ್ತದೆ ಕೆಲವು ಸಲ.

ವಯರ್ ಬಣ್ಣ: ಯಮಹಾದಲ್ಲಿ ಬಟನ್ನಿನಿಂದ ಬರುವ ತಿಳಿನೀಲಿ ಅಪ್, ತಿಳಿಹಸಿರು ಡೌನ್, ಮೋಟಾರಿಗೆ ಹೋಗುವ ದಪ್ಪ ವಯರ್ ನೀಲಿ ಮತ್ತು ಹಸಿರು. ಮರ್ಕ್ಯುರಿಯಲ್ಲಿ ಬಟನ್ ವಯರಿಗೆ ಬಿಳಿ ಪಟ್ಟೆ ಇರ್ತದೆ, ನೀಲಿ ಬಿಳಿ ಅಪ್, ಹಸಿರು ಬಿಳಿ ಡೌನ್.

ಒಂದು ತಪ್ಪು ಮಾತ್ರ ಮಾಡ್ಬೇಡಿ, ಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು ಪಾಯಿಂಟ್ ಪರೀಕ್ಷೆ ಮಾಡಿ ಸರಿ ಉಂಟು ಅಂತ ಬಿಟ್ಟುಬಿಡುದು. ಬೀಪ್ ಬರ್ಲಿಕ್ಕೆ ಕೂದಲೆಳೆಯಷ್ಟು ಸಂಪರ್ಕ ಸಾಕು, ಟಿಲ್ಟ್ ಮೋಟಾರ್ ಎಳೆಯುದು ಇಪ್ಪತ್ತು ಆಂಪಿಗಿಂತ ಜಾಸ್ತಿ. ಪಾಯಿಂಟಲ್ಲಿ 0.2 ಓಮ್ ಉಳಿದಿದ್ರೆ ಬೀಪ್ ಚೆನ್ನಾಗಿಯೇ ಬರ್ತದೆ, ಆದ್ರೆ 20 ಆಂಪ್ ಹೋಗುವಾಗ 4 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಯ್ತು, ಮೋಟಾರಿಗೆ ಸಿಗುದು 8. ಲೋಡ್ ಇರುವಾಗಲೇ ಅಳೀಬೇಕು, ಬಟನ್ ಒತ್ತಿ ಹಿಡಿದೇ ಅಳೀಬೇಕು.

ರಿಲೇ ಸಿಗುವವರೆಗೆ ನೀರಿನ ಮೇಲೆ ಎಂಜಿನ್ ಎತ್ತಿದಲ್ಲೇ ಸಿಕ್ಕಿ ಹಾಕಿಕೊಂಡ್ರೆ ಅಂತ ಹೇಳ್ತೇನೆ, ಸೀತಾ ಸುವರ್ಣಾ ಸೇರುವ ನಿಮ್ಮ ಅಳಿವೆ ಬಾಗಿಲ ಹತ್ತಿರ ಎಂಜಿನ್ ಇಲ್ಲದ ದೋಣಿ ಅಂದ್ರೆ ಇಳಿತದ ನೀರಿಗೆ ಎಳೆದುಕೊಂಡು ಹೋಗ್ತದೆ, ಅದನ್ನು ನೀವು ನನಗಿಂತ ಚೆನ್ನಾಗಿ ತಿಳಿದವರು. ದೋಣಿಗೆ ಕಚ್ಚುವ ಬ್ರಾಕೆಟ್ಟಿನ ಪಕ್ಕದಲ್ಲಿ ಒಂದು ತೂತು, ಅದರ ಒಳಗೆ ಚಪ್ಪಟೆ ಸ್ಕ್ರೂಡ್ರೈವರ್ ಕೂರುವ ದೊಡ್ಡ ಸ್ಕ್ರೂ ಉಂಟು, ಮ್ಯಾನುವಲ್ ವಾಲ್ವ್ ಅದು. ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗಿಸಿದ್ರೆ ಎಣ್ಣೆ ದಾರಿ ಬಿಡ್ತದೆ, ಎಂಜಿನ್ ತನ್ನ ತೂಕಕ್ಕೆ ಇಳೀತದೆ, ಆಮೇಲೆ ವಾಪಸ್ ಬಿಗಿ ಮಾಡಿ. ತಿರುಗಿಸುವಾಗ ಇಬ್ಬರು ಎಂಜಿನ್ ಹಿಡಿದಿರಬೇಕು, ಧೊಪ್ ಅಂತ ಬೀಳಬಾರದು. ಆ ಸ್ಕ್ರೂ ಎಲ್ಲಿ ಉಂಟು ಅಂತ ದಡದಲ್ಲಿರುವಾಗಲೇ ಒಮ್ಮೆ ತಿರುಗಿಸಿ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಸರ್, ಹೊನ್ನಾವರದಿಂದ ಬರೀತಾ ಇದ್ದೇನೆ, ಶರಾವತಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸ್ಲಿಕ್ಕೆ ಜನರನ್ನು ಕರ್ಕೊಂಡು ಹೋಗುವ ಬೋಟು. ಕೀ ತಿರುಗಿಸಿದ್ರೆ ಒಂದು ಟಿಕ್, ಸ್ಟಾರ್ಟರ್ ತಿರುಗುದಿಲ್ಲ. ಸ್ಟಾರ್ಟರ್ ರಿಲೇಯ ಎರಡು ದೊಡ್ಡ ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಮುಟ್ಟಿಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತದೆ. ಒಂದು ತಿಂಗಳಿಂದ ಹೀಗೇ ನಡೆಸ್ತಾ ಇದ್ದೇವೆ. ಹೀಗೆ ಮಾಡಿದ್ರೆ ಎಂಜಿನಿಗೆ ತೊಂದರೆ ಉಂಟಾ?

ಉತ್ತರ: ಎಂಜಿನಿಗಿಂತ ನಿಮಗೆ, ನಿಮ್ಮ ದೋಣಿಯಲ್ಲಿ ಕೂತ ಮಕ್ಕಳಿಗೆ ತೊಂದರೆ ಉಂಟು, ದಯವಿಟ್ಟು ಇವತ್ತೇ ನಿಲ್ಲಿಸಿ. ನಿಮ್ಮ ಗೇರ್ ಲಿವರಿನ ಬಾಕ್ಸ್ ಒಳಗೆ ಒಂದು ನ್ಯೂಟ್ರಲ್ ಸ್ವಿಚ್ ಉಂಟು, ಲಿವರ್ ಗೇರಲ್ಲಿ ಇದ್ರೆ ಅದು ರಿಲೇ ಕಾಯಿಲ್‌ಗೆ ಕರೆಂಟ್ ಬಿಡುದಿಲ್ಲ, ಹಾಗಾಗಿ ಗೇರಲ್ಲಿ ಎಂಜಿನ್ ಸ್ಟಾರ್ಟ್ ಆಗುದಿಲ್ಲ. ಸ್ಕ್ರೂಡ್ರೈವರ್ ಇಟ್ಟಾಗ ನೀವು ಆ ಸ್ವಿಚ್ಚನ್ನೂ ದಾಟಿ ಹೋಗ್ತೀರಿ. ಲಿವರ್ ಯಾರೋ ಮುಟ್ಟಿ ಗೇರಿಗೆ ಬಿದ್ದಿದ್ರೆ ಎಂಜಿನ್ ಶುರುವಾದ ಕ್ಷಣಕ್ಕೆ ದೋಣಿ ಮುಂದೆ ನೆಗೀತದೆ, ನೀವು ಹಿಂದೆ ಎಂಜಿನ್ ಮೇಲೆ ಬಗ್ಗಿ ನಿಂತಿರ್ತೀರಿ, ನೀರಿಗೆ ಬಿದ್ರೆ ಅಲ್ಲೇ ಪ್ರೊಪೆಲ್ಲರ್. ಇನ್ನೊಂದು, ಆ ಸ್ಕ್ರೂಡ್ರೈವರ್ ತುದಿಯಲ್ಲಿ ಹಾರುವ ಕಿಡಿ ಪೆಟ್ರೋಲ್ ಪೈಪಿನಿಂದ ಒಂದು ಗೇಣು ದೂರದಲ್ಲಿ ಉಂಟು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಎಲ್ಲಾದರೂ ಸ್ವಲ್ಪ ಸೋರ್ತಾ ಇದ್ರೆ ಮೇಲೆ ಹಾರಿ ಹೋಗುದಿಲ್ಲ, ದೋಣಿಯ ತಳದಲ್ಲೇ ಕೂತಿರ್ತದೆ.

ನಿಮ್ಮ ಸ್ಕ್ರೂಡ್ರೈವರಿನಿಂದ ಒಂದು ವಿಷಯ ಮಾತ್ರ ಸ್ಪಷ್ಟ ಆಯ್ತು, ಬ್ಯಾಟರಿ ಮತ್ತು ಸ್ಟಾರ್ಟರ್ ಮೋಟಾರ್ ಎರಡೂ ಗಟ್ಟಿ ಉಂಟು. ಟಿಕ್ ಬರ್ತದೆ ಅಂದ್ರೆ ಕೀಯಿಂದ ಕಾಯಿಲ್‌ಗೆ ಕರೆಂಟ್ ಬರ್ತದೆ. ಉಳಿದದ್ದು ಪಾಯಿಂಟ್. ಖಾತ್ರಿ ಮಾಡ್ಲಿಕ್ಕೆ ಮೀಟರಿನ ಎರಡು ಕಡ್ಡಿಯನ್ನು ಆ ಎರಡು ದೊಡ್ಡ ಬೋಲ್ಟಿಗೇ ಇಡಿ, ಕೀ ತಿರುಗಿಸುವ ಮೊದಲು 12 ತೋರಿಸ್ತದೆ, ಅದು ಸರಿ. ಕೀ ತಿರುಗಿಸಿದಾಗ ಒಳ್ಳೆ ರಿಲೇ ಆದ್ರೆ ಅದು 0.2, 0.3ಕ್ಕೆ ಬೀಳ್ತದೆ. ಟಿಕ್ ಅಂದ ಮೇಲೂ 12ರಲ್ಲೇ ನಿಂತಿದ್ರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಹೋಗಿದೆ, ರಿಲೇ ಬದಲಿಸಿ, ಬಿಚ್ಚಿ ಉಜ್ಜಿ ಹಾಕುವ ಕೆಲಸ ಬೇಡ. ಸ್ಟಾರ್ಟರ್ ತಿರುಗುದಿಲ್ಲ ಆದ್ರೂ 0.2ಕ್ಕೆ ಬಿತ್ತು ಅಂದ್ರೆ ರಿಲೇ ಸರಿ, ಮುಂದೆ ಸ್ಟಾರ್ಟರ್ ಕಡೆ ನೋಡಿ, ಆದ್ರೆ ನಿಮ್ಮದು ಅದಲ್ಲ.

ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಬರೀತೇನೆ. ಒಂದು ಟಿಕ್ ಬೇರೆ, ಟಿಕ್ ಟಿಕ್ ಟಿಕ್ ಅಂತ ಬಡ್ಕೊಳ್ಳುದು ಬೇರೆ. ಬಡ್ಕೊಂಡ್ರೆ ಅದು ಹೆಚ್ಚಾಗಿ ಬ್ಯಾಟರಿ, ರಿಲೇ ಎದ್ದ ಕೂಡ್ಲೆ ಸ್ಟಾರ್ಟರ್ ಎಳೆದು ವೋಲ್ಟೇಜ್ ಕುಸೀತದೆ, ಕಾಯಿಲ್ ಬಿಟ್ಟುಬಿಡ್ತದೆ, ಬಿಟ್ಟ ಮೇಲೆ ವೋಲ್ಟೇಜ್ ಏರ್ತದೆ, ಮತ್ತೆ ಎಳೀತದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಲ್ಲೇ ಅಳೆದು 9.6ಕ್ಕಿಂತ ಕೆಳಗೆ ಹೋದ್ರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ನೋಡಿ, ರಿಲೇ ಮೇಲೆ ಕೈ ಹಾಕ್ಬೇಡಿ. ಶಬ್ದವೇ ಇಲ್ಲ ಅಂದ್ರೆ ಲಿವರ್ ನ್ಯೂಟ್ರಲ್‌ನಲ್ಲಿ ಉಂಟಾ ನೋಡಿ, ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸಿ ಕೀ ತಿರುಗಿಸಿ, ಆಮೇಲೆ ಫ್ಯೂಸ್, ಆಮೇಲೆ ರಿಲೇಗೆ ಬರುವ ಸಪೂರ ವಯರಲ್ಲಿ ಕೀ ತಿರುಗಿಸಿದಾಗ 12 ಬರ್ತದಾ ಅಂತ. ಯಮಹಾದಲ್ಲಿ ಆ ಸಪೂರ ವಯರ್ ಕಂದು ಬಣ್ಣದ್ದು. 12 ಬಂದೂ ಟಿಕ್ ಇಲ್ಲ ಅಂದ್ರೆ ಕಾಯಿಲ್ ಅಥವಾ ಕಾಯಿಲಿನ ಕಪ್ಪು ಅರ್ಥ್ ವಯರ್.

ಹೊಸ ರಿಲೇ ಹಾಕುವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಕೊನೆಗೆ ಅದನ್ನೇ ಸೇರಿಸಿ. ಆ ಎರಡು ದಪ್ಪ ಬೋಲ್ಟಲ್ಲಿ ಒಂದು ಯಾವಾಗಲೂ ಜೀವಂತ, ಪಾನಾ ಒಂದು ಕಡೆ ಬೋಲ್ಟಿಗೆ ಇನ್ನೊಂದು ಕಡೆ ಎಂಜಿನ್ ಬಾಡಿಗೆ ತಾಗಿದ್ರೆ ಪಾನಾ ಕೆಂಪಗೆ ಕಾಯ್ತದೆ.

ಪ್ರಶ್ನೆ: ಕಾರವಾರದಿಂದ ಓದುಗರೊಬ್ಬರು: ಟಿಲ್ಟ್ ರಿಲೇ ಕಂಪನಿದ್ದು ತರಿಸ್ಲಿಕ್ಕೆ ವಾರಗಟ್ಟಲೆ ಬೇಕು, ರೇಟೂ ಜಾಸ್ತಿ. ಕಾರ್ ಅಂಗಡಿಯಲ್ಲಿ ಅದೇ ತರದ ಕಪ್ಪು ಚೌಕದ ರಿಲೇ ಸಿಗ್ತದೆ. ಹಾಕ್ಬಹುದಾ?

ಉತ್ತರ: ನಿಮ್ಮ ಎಂಜಿನಲ್ಲಿ ಇರುದು ಸಾಕೆಟ್ಟಿಗೆ ಚುಚ್ಚುವ ಐದು ಕಾಲಿನ ರಿಲೇ ಆದ್ರೆ, ತುರ್ತಿಗೆ, ಮನೆಗೆ ಮುಟ್ಟುವಷ್ಟಕ್ಕೆ ಹಾಕ್ಬಹುದು, ಖಾಯಂ ಬೇಡ. ಯಾಕೆ ಅಂತ ಹೇಳ್ತೇನೆ. ಕಾಲುಗಳ ಹತ್ತಿರ ನಂಬರ್ ಬರೆದಿರ್ತದೆ, 85 ಮತ್ತು 86 ಕಾಯಿಲ್, 30 ಅಂದ್ರೆ 87, 87ಎ ಎರಡಕ್ಕೂ ಸರದಿಯಲ್ಲಿ ಸೇರುವ ಕಾಲು, 87 ಎದ್ದಾಗ ಸೇರುದು, 87ಎ ಮಲಗಿದಾಗ ಸೇರುದು. ಕಾರಿನ ಹಾರನ್, ಲೈಟಿಗೆ ಹಾಕುವ ಎಷ್ಟೋ ರಿಲೇಗಳಲ್ಲಿ ನಾಲ್ಕೇ ಕಾಲು, 87ಎ ಇರುದಿಲ್ಲ. ಅದನ್ನು ಟಿಲ್ಟಿಗೆ ಹಾಕಿದ್ರೆ ಮೇಲಿನ ಕೋಡಿ ಬೆಂಗ್ರೆಯವರದ್ದೇ ಕಥೆ, ಟಿಕ್ ಅಂತದೆ, ವಾಪಸ್ ದಾರಿ ಇಲ್ಲ. ಕೆಲವು ಐದು ಕಾಲಿನದ್ದರಲ್ಲಿ ಎರಡು 87 ಇರ್ತದೆ, 87ಎ ಅಲ್ಲ, ನೋಡ್ಲಿಕ್ಕೆ ಒಂದೇ ತರ, ಅಕ್ಷರ ಓದಿ ತಗೊಳ್ಳಿ.

12 ವೋಲ್ಟಿನದ್ದೇ ಕೇಳಿ. ಲಾರಿ ಬಸ್ಸಿನದ್ದು 24 ವೋಲ್ಟ್, ಡಬ್ಬಿ ಹಾಗೇ ಇರ್ತದೆ, ನಿಮ್ಮ 12 ವೋಲ್ಟಿಗೆ ಅದರ ಕಾಯಿಲ್ ಏಳುದಿಲ್ಲ. ಮೀಟರಲ್ಲಿ 85 ಮತ್ತು 86ರ ನಡುವೆ ಅಳೆದ್ರೆ 12 ವೋಲ್ಟಿನ ಸಾಮಾನ್ಯ ರಿಲೇ 80ರಿಂದ 100 ಓಮ್ ತೋರಿಸ್ತದೆ, 24ರದ್ದು ಅದಕ್ಕಿಂತ ಎಷ್ಟೋ ಜಾಸ್ತಿ, ಅಂಗಡಿಯಲ್ಲೇ ಗೊತ್ತಾಗ್ತದೆ. ಕೆಲವು ರಿಲೇ ಒಳಗೆ ಕಾಯಿಲಿಗೆ ಡಯೋಡ್, ಅಂದ್ರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು, ಇರ್ತದೆ, ಬದಿಯಲ್ಲಿ ಚಿತ್ರ ಬಿಡಿಸಿರ್ತಾರೆ ನೋಡಿ. ಅಂಥದ್ದರಲ್ಲಿ 85, 86 ಉಲ್ಟಾ ಆದ್ರೆ ಬಟನ್ ಒತ್ತಿದ ಕೂಡ್ಲೆ ಶಾರ್ಟ್, ಫ್ಯೂಸ್ ಹೋಗ್ತದೆ.

ಖಾಯಂ ಬೇಡ ಅಂದದ್ದು ಎರಡು ಕಾರಣಕ್ಕೆ. ಕಾರ್ ರಿಲೇಯ ಡಬ್ಬಿ ಸುಮ್ಮನೆ ಒತ್ತಿ ಕೂರಿಸಿದ್ದು, ಅಡಿಯಲ್ಲಿ ಸಂದು ಉಂಟು, ಕಾಳಿ ನದಿ ಸಮುದ್ರ ಸೇರುವ ನಿಮ್ಮ ಊರಿನ ಉಪ್ಪು ಗಾಳಿಗೆ ಅದು ತಡಿಯುದಿಲ್ಲ. ಎರಡನೆಯದ್ದು, ಔಟ್‌ಬೋರ್ಡ್ ಕವರ್ ಒಳಗೆ ಪೆಟ್ರೋಲ್ ಆವಿ ಇರುವ ಸಾಧ್ಯತೆ ಉಂಟು, ಅಲ್ಲಿ ಹಾಕುವ ರಿಲೇಯ ಕಿಡಿ ಹೊರಗೆ ಬರದ ಹಾಗೆ ಪೂರ್ತಿ ಮುಚ್ಚಿರಬೇಕು. ಸ್ಟಾರ್ಟರ್ ರಿಲೇ ಜಾಗಕ್ಕಂತೂ ಈ ಚೌಕದ ರಿಲೇ ತುರ್ತಿಗೂ ಹಾಕ್ಲಿಕ್ಕಿಲ್ಲ, ಇದರ ಮೇಲೆ ಬರೆದದ್ದು 30, 40 ಆಂಪ್, ಸ್ಟಾರ್ಟರ್ ಎಳೆಯುದು ಅದರ ಎಷ್ಟೋ ಪಾಲು, ಒಂದೇ ಸಲಕ್ಕೆ ಪಾಯಿಂಟ್ ಬೆಸುಗೆ ಆಗಿ ಹೋದೀತು. ವಾರಗಟ್ಟಲೆ ಕಾಯ್ಬೇಕು ಅಂತ ಗೊತ್ತಿದ್ದ ಮೇಲೆ ಒಂದು ಅಸಲಿ ರಿಲೇ ಮೊದಲೇ ತರಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಡುದು ಒಳ್ಳೇದು.

ಪ್ರಶ್ನೆ: ನಮಸ್ಕಾರ ಸರ್, ನಾವು ಕಬಿನಿ ಹಿನ್ನೀರಿನ ಕಡೆಯವರು. ನಮ್ಮ ಬೋಟಿನ ಎಂಜಿನ್ ಮೊನ್ನೆ ಅಪ್ ಬಟನ್ ಬಿಟ್ಮೇಲೂ ಮೇಲಕ್ಕೆ ಹೋಗ್ತಾನೇ ಇತ್ತು, ಮೇಲೆ ತಾಗಿದ್ಮೇಲೂ ಮೋಟಾರ್ ಕಿರುಚ್ತಾ ಇತ್ತು, ಕೊನೆಗೆ ಬ್ಯಾಟರಿ ವಯರ್ ಕಿತ್ತಾಗ ನಿಲ್ತು. ಉಪ್ಪುನೀರೇ ಇಲ್ದಿರೋ ಕಡೆನೂ ಹಿಂಗಾಗುತ್ತಾ?

ಉತ್ತರ: ಆಗ್ತದೆ. ಇದು ತುಕ್ಕಿನ ರೋಗ ಅಲ್ಲ, ಪಾಯಿಂಟ್ ಬಿಸಿಯಾಗಿ ಒಂದಕ್ಕೊಂದು ಅಂಟಿದ್ದು, ಅಥವಾ ಬಟನ್ ಒಳಗೆ ನೀರು ಹೋಗಿ ತಾನೇ ಒತ್ತಿದ ಹಾಗೆ ಆದದ್ದು. ಎರಡನ್ನು ಬೇರೆ ಮಾಡುದು ಸುಲಭ. ಬಟನ್ನಿನಿಂದ ಬರುವ ಕನೆಕ್ಟರ್ ಬಿಚ್ಚಿಟ್ಟು ಬ್ಯಾಟರಿ ಸೇರಿಸಿ, ಮೋಟಾರ್ ತಿರುಗಿದ್ರೆ ರಿಲೇ ಅಂಟಿದೆ, ತಿರುಗದಿದ್ರೆ ಬಟನ್. ಹೆಚ್ಚಿನ ಎಂಜಿನಿಗೆ ಲಿವರಿನಲ್ಲಿ ಒಂದು ಬಟನ್, ಎಂಜಿನ್ ಕವರಿನ ಬದಿಯಲ್ಲಿ ಇನ್ನೊಂದು ಇರ್ತದೆ, ಎರಡೂ ಬಿಚ್ಚಿ ಪರೀಕ್ಷೆ ಮಾಡಿ, ಬದಿಯ ಬಟನ್ನಿಗೇ ಮಳೆ ನೀರು ಜಾಸ್ತಿ ತಾಗುದು. ರಿಲೇಯನ್ನು ಸುತ್ತಿಗೆ ಹಿಡಿಯಲ್ಲಿ ಮೆಲ್ಲ ತಟ್ಟಿದ್ರೆ ಅಂಟಿದ್ದು ಬಿಡ್ತದೆ, ಕೆಲವರು ಹಾಗೇ ಬಿಟ್ಟು ಓಡಿಸ್ತಾರೆ, ಬೇಡ, ಒಮ್ಮೆ ಬೆಸುಗೆ ಆದ ಪಾಯಿಂಟ್ ಗುಂಡಿ ಬಿದ್ದಿರ್ತದೆ, ಪುನಃ ಅಂಟ್ತದೆ, ಬದಲಿಸಿ.

ಇನ್ನೊಮ್ಮೆ ನೀರಿನ ನಡುವೆ ಹೀಗಾದ್ರೆ ಬ್ಯಾಟರಿ ಹತ್ತಿರ ಹೋಗುವವರೆಗೆ ಡೌನ್ ಬಟನ್ ಒತ್ತಿ ಹಿಡಿರಿ. ಅಪ್ ರಿಲೇ ಪ್ಲಸ್‌ಗೆ ಅಂಟಿರುವಾಗ ಡೌನ್ ರಿಲೇಯೂ ಎದ್ರೆ ಮೋಟಾರಿನ ಎರಡು ವಯರಿಗೂ ಪ್ಲಸ್ಸೇ ಬರ್ತದೆ, ಮೋಟಾರ್ ನಿಲ್ತದೆ. ಅಷ್ಟರಲ್ಲಿ ಇನ್ನೊಬ್ಬರು ಮೇನ್ ಸ್ವಿಚ್ ಆಫ್ ಮಾಡ್ಲಿ. ಬ್ಯಾಟರಿಗೆ ತಿರುಗಿಸುವ ಮೇನ್ ಸ್ವಿಚ್ ಇಲ್ಲ ಅಂದ್ರೆ ಈ ಕೆಲಸದ ಜೊತೆಗೇ ಹಾಕಿಸಿ, ವಯರ್ ಕಿತ್ತು ತೆಗೆಯುವ ಹೊತ್ತಿಗೆ ಬ್ಯಾಟರಿ ಹತ್ತಿರ ಕಿಡಿ ಹಾರುದು ಒಳ್ಳೇದಲ್ಲ. ಎಂಜಿನ್ ಓಡ್ತಾ ಇದ್ರೆ ಮೊದಲು ಎಂಜಿನ್ ನಿಲ್ಲಿಸಿ, ಓಡುವ ಎಂಜಿನಿಂದ ಬ್ಯಾಟರಿ ಬಿಡಿಸಿದ್ರೆ ಚಾರ್ಜಿಂಗ್ ರೆಗ್ಯುಲೇಟರ್ ಸುಡುವ ಭಯ ಉಂಟು.

ಪ್ರಶ್ನೆ: ಗಂಗೊಳ್ಳಿಯಿಂದ: ಮುಂದಿನ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಗೆ ಎಂಜಿನ್ ಇಡುವಾಗ ಈ ರಿಲೇ ಹಾಳಾಗದ ಹಾಗೆ ಏನು ಮಾಡುದು?

ಉತ್ತರ: ಸಿಹಿನೀರಲ್ಲಿ ಎಂಜಿನ್ ಓಡಿಸಿ ತೊಳೆದ ಮೇಲೆ ಕವರ್ ಒಳಗೆ ಪೈಪ್ ಹಿಡಿದು ನೀರು ಹೊಡಿಬೇಡಿ, ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಬ್ಯಾಟರಿ ಮೈನಸ್ ಬಿಚ್ಚಿ, ರಿಲೇ ಸಾಕೆಟ್ಟಿಂದ ತೆಗೆದು ಕಾಲುಗಳಲ್ಲಿ ಹಸಿರು ಕಿಲುಬು ಉಂಟಾ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯದ ಗ್ರೀಸ್) ತೆಳುವಾಗಿ ಹಚ್ಚಿ ಕೂರಿಸಿ. ಮಾಮೂಲಿ ಬೇರಿಂಗ್ ಗ್ರೀಸ್ ಬೇಡ. ಕತ್ತರಿಸಿ ಜೋಡಿಸಿದ ವಯರ್ ಎಲ್ಲಾದರೂ ಇನ್ಸುಲೇಶನ್ ಟೇಪ್ ಸುತ್ತಿ ಇಟ್ಟಿದ್ರೆ ಈಗಲೇ ಬಿಚ್ಚಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗುವ ಕೊಳವೆ) ಹಾಕಿಸಿ. ಟೇಪ್ ನೀರನ್ನು ತಡಿಯುದಿಲ್ಲ, ಒಳಗೆ ಹೋದದ್ದನ್ನು ಹೊರಗೂ ಬಿಡುದಿಲ್ಲ.

ಬ್ಯಾಟರಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡ್ತೀರಲ್ಲ, ಚಾರ್ಜ್ ಆದ ಬ್ಯಾಟರಿಯನ್ನು ಒಂದು ಸಲ ಶೆಡ್ಡಿಗೆ ಹೊತ್ತುಕೊಂಡು ಹೋಗಿ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡ್ಬೇಕು ಅಂತ ಇಲ್ಲ, ಟಿಲ್ಟ್ ಮಾತ್ರ ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ. ಪಾಯಿಂಟ್ ಒಂದಕ್ಕೊಂದು ಉಜ್ಜಿ ಪದರ ಕಟ್ಟುದು ತಪ್ತದೆ. ಆಮೇಲೆ ಎಂಜಿನನ್ನು ಪೂರ್ತಿ ಇಳಿಸಿ ನೆಟ್ಟಗೆ ನಿಲ್ಲಿಸಿಯೇ ಇಡಿ, ಎತ್ತಿ ಇಟ್ರೆ ಟಿಲ್ಟಿನ ಹೊಳೆಯುವ ರಾಡ್ ಎರಡು ತಿಂಗಳು ಹೊರಗೇ ನಿಂತು ಗಾಳಿಗೆ ತುಕ್ಕು ಹಿಡಿದು, ಆಗಸ್ಟಲ್ಲಿ ಅದು ಒಳಗೆ ಹೋಗುವಾಗ ಸೀಲ್ ಹರಿತದೆ.